ಇಂಬಳದ ರಕ್ತಕ್ಕೆ ತಣ್ಣೀರು, ಎಣ್ಣೆ ಜಿಡ್ಡಿಗೆ ಬಿಸಿನೀರು

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ. ಮಳೆಗಾಲದಲ್ಲಿ ಬರುವ ಗೆಸ್ಟುಗಳು ಕಾಫಿ ತೋಟ ಸುತ್ತದೆ ಬಿಡುವುದಿಲ್ಲ, ಇಂಬಳ, ಅಂದರೆ ಜಿಗಣೆ, ಅವರನ್ನು ಬಿಡುವುದಿಲ್ಲ. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ. ಹಾಗಾಗಿ ಅದು ಉದುರಿದ ಮೇಲೂ ಗಾಯ ಸುಮಾರು ಹೊತ್ತು ಒಸರುತ್ತಲೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಬಿಳಿ ಬೆಡ್‌ಶೀಟಿನ ಕಾಲಿನ ಕಡೆ ಕೆಂಪು ಚುಕ್ಕೆ.

ಇದನ್ನು ಬಿಸಿನೀರಿಗೆ ಹಾಕಿದರೆ ಮುಗೀತು. ರಕ್ತದಲ್ಲಿರುವ ಪ್ರೋಟೀನು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ನಾನು ಆ ಜಾಗವನ್ನಷ್ಟೇ ತಣ್ಣೀರಲ್ಲಿ ಉಜ್ಜಿ, ಬಕೆಟ್ಟಿನಲ್ಲಿ ನೆನೆಸಿಡುತ್ತೇನೆ. ನೀರು ಕೆಂಪಾದರೆ ಚೆಲ್ಲಿ ಬೇರೆ ನೀರು. ಕಲೆ ಮಸುಕಾದ ಮೇಲೆ ಮಷೀನಿಗೆ ಹಾಕಿ 40 ಡಿಗ್ರಿ ಇಡುತ್ತೇನೆ. ಕಿಣ್ವ, ಅಂದರೆ ಎನ್‌ಜೈಮ್ ಇರುವ ಪುಡಿ ಆ ಬಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ತಲೆಗೆಣ್ಣೆ ಹತ್ತಿದ ಬಿಳಿ ದಿಂಬಿನ ಕವರು, ಅಡುಗೆಮನೆಯ ಮಸಿಬಟ್ಟೆ, ಇವುಗಳ ಕಥೆ ಬೇರೆ. ತಣ್ಣೀರಿಗೆ ಜಿಡ್ಡು ಜಪ್ಪಯ್ಯ ಅನ್ನುವುದಿಲ್ಲ, 60 ಡಿಗ್ರಿಯೇ ಬೇಕು. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಬೇಡ. ಬಿಸಿಲಿಗೆ ಹಾಕಿದರೆ ತಾನಾಗಿಯೇ ಮಾಸುತ್ತದೆ. ಜುಲೈನಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ ಅನ್ನುವುದು ಬೇರೆ ಮಾತು!

ಇನ್ನು ತುಂಬುವ ವಿಷಯ. ನಮ್ಮದು ಮುಂದೆ ಬಾಗಿಲಿರುವ ಮಷೀನು. 7 ಕೆಜಿ ಅಂತ ಬರೆದಿರುವುದು ಒಣಬಟ್ಟೆಯ ತೂಕ, ಅದೂ ಕಾಟನ್ ಪ್ರೋಗ್ರಾಮಿಗೆ. ಕ್ವಿಕ್ ವಾಷಿಗೆ ಅಷ್ಟು ತುರುಕಿದರೆ ಬಟ್ಟೆ ಒದ್ದೆಯಾಗುತ್ತದೆ ಅಷ್ಟೇ, ಕೊಳೆ ಹೋಗುವುದಿಲ್ಲ. ನನ್ನ ಅಳತೆ ಸುಲಭ: ತುಂಬಿದ ಮೇಲೆ ಬಟ್ಟೆಯ ಮೇಲ್ಗಡೆ ಅಂಗೈ ನೆಟ್ಟಗೆ ನಿಲ್ಲುವಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಒಂದು ಶೀಟು ಹೊರಗೆ. ರಗ್ಗಿನ ಕವರಿಗೆ ಗುಂಡಿ ಹಾಕಿಯೇ ಒಗೆಯಬೇಕು. ಇಲ್ಲದಿದ್ದರೆ ಸಣ್ಣಪುಟ್ಟ ಬಟ್ಟೆಯೆಲ್ಲ ಅದರೊಳಗೆ ಸೇರಿ ಉಂಡೆಯಾಗುತ್ತದೆ.

ಪುಡಿ ಎಷ್ಟು ಅನ್ನುವುದನ್ನು ನೀರು ಹೇಳುತ್ತದೆ. ಕಡೂರಲ್ಲಿರುವ ಅಕ್ಕನ ಮನೆಯದು ಬೋರ್‌ವೆಲ್ಲಿನ ಗಡಸು ನೀರು, ನೊರೆಯೇ ಬರುವುದಿಲ್ಲ, ಅವಳಿಗೆ ಪುಡಿ ಜಾಸ್ತಿ ಬೇಕು. ನಮ್ಮ ಹಳ್ಳದ ನೀರು ಮೆದು, ಅದರ ಅರ್ಧ ಸಾಕು. ಜಾಸ್ತಿ ಹಾಕಿದರೆ ನೊರೆಯೇ ಅಡ್ಡ ಬಂದು ಬಟ್ಟೆಗೆ ಬಟ್ಟೆ ಉಜ್ಜುವುದಿಲ್ಲ, ಸೋಪು ಒಳಗೇ ಉಳಿಯುತ್ತದೆ. ಟವೆಲ್ ಒರಟಾಗಿದ್ದರೆ ಬರೀ ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿ ನೋಡಿ. ನೊರೆ ಬಂತಾ? ಹಾಗಾದರೆ ಪುಡಿ ಹಾಕದೆ ಇನ್ನೊಂದು ಸಲ ಓಡಿಸಿ. ಮೆದುವಾಗಲಿ ಅಂತ ಸಾಫ್ಟ್‌ನರ್ ಸುರಿಯಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಟವೆಲ್ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ.