ಆರಾಮ್ ಅದೀನಿ ಅಂದ ಮುತ್ಯಾ, ಮತ್ತು ಮೂವತ್ತು ಮೀಟರ್ ವರಾಂಡ

ಹೇಗಿದ್ದೀರಿ ಅಂತ ಕೇಳಿದರೆ ನಮ್ಮ ಕಲಬುರಗಿ ಕಡೆಯ ಹಿರಿಯರದ್ದು ಒಂದೇ ಉತ್ತರ. "ಆರಾಮ್ ಅದೀನ್ರಿ ಮೇಡಂ." ಫಿಸಿಯೋಥೆರಪಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನೇ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆಳಂದ ಕಡೆಯ ಒಬ್ಬ ಮುತ್ಯಾ, ಅಂದರೆ ಅಜ್ಜ, ಬಂದ ಮೇಲೆ ಆ ರೂಢಿ ಬಿಟ್ಟೆ.

ಅವರ ಹೃದಯದ ಪಂಪಿಂಗ್ 30 ಪರ್ಸೆಂಟ್ ಇತ್ತು. ಮೂರು ತಂತಿಯ ಪೇಸ್‌ಮೇಕರ್ ಹಾಕಿದ್ದರು, ಸಿಆರ್‌ಟಿ ಅನ್ನುತ್ತಾರಲ್ವಾ, ಅದು. ಸಾಮಾನ್ಯ ಪೇಸ್‌ಮೇಕರ್ ಬಡಿತ ತೀರಾ ನಿಧಾನ ಆಗದಂತೆ ನೋಡಿಕೊಳ್ಳುತ್ತದೆ. ಇದು ಅದರ ಜೊತೆಗೆ ಹೃದಯದ ಎಡಭಾಗ, ಬಲಭಾಗ ಎರಡೂ ಒಟ್ಟಿಗೆ ಬಡಿಯುವಂತೆ ಮಾಡುತ್ತದೆ. ದಮ್ಮು ಹತ್ತುತ್ತದಾ ಅಂದರೆ ಇಲ್ಲ ಅಂದರು. ದಿನವಿಡೀ ಏನು ಮಾಡುತ್ತೀರಿ ಅಂತ ಕೇಳಿದಾಗ ನಿಜ ಹೊರಬಂತು. ಹೊಲಕ್ಕೆ ಹೋಗುವುದು ಬಿಟ್ಟಿದ್ದರು, ಸ್ನಾನದ ನೀರು ಸೊಸೆ ತಂದಿಡುತ್ತಿದ್ದಳು, ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ. ಕೆಲಸವೇ ಇಲ್ಲದಿದ್ದರೆ ದಮ್ಮು ಎಲ್ಲಿಂದ ಹತ್ತಬೇಕು?

ಈಗ ನಾನು ಕೇಳುವುದೇ ಬೇರೆ. ಮನೆಯಿಂದ ಗುಡಿತನಕ ಹೋಗೋವಾಗ ಎಷ್ಟು ಸಲ ನಿಲ್ತೀರಿ? ಮಲಗೋವಾಗ ಎಷ್ಟು ದಿಂಬು ಬೇಕು? ಸಂಜೆ ಚಪ್ಪಲಿ ಬಿಗಿ ಆಗ್ತದಾ? ಮಲಗಿದಾಗಿನ ದಮ್ಮು, ಕಾಲಿನ ಬಾವು ಇದರಲ್ಲೇ ಗೊತ್ತಾಗುತ್ತದೆ. ಆಮೇಲೆ ನಡೆಸುತ್ತೇನೆ. 30 ಮೀಟರ್ ವರಾಂಡ, ಎರಡು ತುದಿಗೂ ಒಂದೊಂದು ಗುರುತು, 6 ನಿಮಿಷ. ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಮುತ್ಯಾ ಎರಡು ಸಲ ನಿಂತು 210 ಮೀಟರ್ ನಡೆದರು. 300ಕ್ಕಿಂತ ಕಡಿಮೆ ಅಂದರೆ ನಾವು ಹುಷಾರಾಗಬೇಕು.

ಪೇಸ್‌ಮೇಕರ್ ಇಟ್ಟ ಕಡೆಯ ಕೈಯನ್ನು ಸಾಮಾನ್ಯವಾಗಿ 4ರಿಂದ 6 ವಾರ ಭುಜದ ಮೇಲಕ್ಕೆ ಎತ್ತಬೇಡಿ ಅನ್ನುತ್ತಾರೆ. ಅದನ್ನು ಕೇಳಿ ಇವರು ಹೆದರಿ ಕೈಯನ್ನು ಅಲ್ಲಾಡಿಸದೆ ಎದೆಗೆ ಒತ್ತಿಕೊಂಡೇ ಇದ್ದರು, ಭುಜ ಗಟ್ಟಿಯಾಗಿತ್ತು. ಭುಜದ ಮಟ್ಟದ ಕೆಳಗೆ ಕೈ ಆಡಿಸಲೇಬೇಕು.

ಇನ್ನು ನನ್ನ ತಪ್ಪು. ಬಿಸಿಲು ಜಾಸ್ತಿ ಅಂತ ಒಳಗೆ, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತುಳಿಸಿದೆ. ಮೂರೇ ನಿಮಿಷಕ್ಕೆ ಏದುಸಿರು, ತಲೆ ಸುತ್ತು. ನಾಡಿ ನೋಡಿದರೆ 70, ಕೂತಾಗ ಇದ್ದಷ್ಟೇ. ಹೃದಯಕ್ಕೆ ಇಷ್ಟೇ ಶಕ್ತಿ ಅಂತ ಬರೆದು ಇನ್ನೂ ಕಡಿಮೆ ತುಳಿಸಿದೆ. ಒಂದು ವಾರದ ನಂತರ ವರಾಂಡದಲ್ಲಿ ನಡೆಸಿದಾಗ ನಾಡಿ 90ಕ್ಕೆ ಏರಿತು, ತಲೆಯೂ ಸುತ್ತಲಿಲ್ಲ, ಆಗ ಹೊಳೆಯಿತು. ಇವರ ಹೃದಯ ತಾನಾಗಿ ಬಡಿತ ಏರಿಸುವುದಿಲ್ಲ, ಪೇಸ್‌ಮೇಕರ್ ಏರಿಸಬೇಕು. ಅದರೊಳಗಿನ ಸೆನ್ಸರ್‌ಗೆ ಗೊತ್ತಾಗುವುದು ಮೈಯ ಅಲುಗಾಟ. ಸೈಕಲ್ ಮೇಲೆ ಕಾಲು ಆಡುತ್ತದೆ, ಎದೆ ಸುಮ್ನೆ ಇರುತ್ತದೆ. ಯಂತ್ರದ ಲೆಕ್ಕದಲ್ಲಿ ಮುತ್ಯಾ ಕೂತೇ ಇದ್ದಾರೆ! ಹೃದಯದ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ, ಅವರು ಪೇಸ್‌ಮೇಕರ್ ಪರೀಕ್ಷೆ ಮಾಡಿ ಸೆಟ್ಟಿಂಗ್ ಬದಲಿಸಿದರು. ಸೈಕಲ್ ಬಿಟ್ಟು ನಡಿಗೆಗೆ ಬಂದೆವು. ಅಂದಿನಿಂದ ಯಾರೇ ಬರಲಿ, ಯಂತ್ರದ ವಿವರ ಇರುವ ಕಾರ್ಡ್ ಮೊದಲು ನೋಡುತ್ತೇನೆ. ಬಡಿತ ಮಿತಿಮೀರಿದರೆ ಶಾಕ್ ಕೊಡುವ ಯಂತ್ರವಾದರೆ ಎಷ್ಟು ಬಡಿತಕ್ಕೆ ಶಾಕ್ ಇಟ್ಟಿದ್ದಾರೆ ಅಂತ ತಿಳಿಯದೆ ವ್ಯಾಯಾಮ ಶುರು ಮಾಡುವುದೇ ಇಲ್ಲ.

ವ್ಯಾಯಾಮದಲ್ಲಿ ಬಡಿತ ಎಷ್ಟರ ತನಕ ಏರಬಹುದು ಅನ್ನುವುದಕ್ಕೆ 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಇದೆ, ಅದು ಇವರಿಗೆ ಹೊಂದುವುದಿಲ್ಲ. ಬೀಟಾ ಬ್ಲಾಕರ್ ಮಾತ್ರೆಯೂ ಬಡಿತವನ್ನು ತಗ್ಗಿಸಿರುತ್ತದೆ. ಹಾಗಾಗಿ ನಡೆಯುತ್ತಾ ಒಂದು ವಚನ ಹೇಳಿಸುತ್ತೇನೆ. ಸಾಲಿನ ನಡುವೆ ಉಸಿರು ಸಾಲದಿದ್ದರೆ ನಿಧಾನ ಮಾಡಬೇಕು. 5 ನಿಮಿಷ ನಡಿಗೆ, 2 ನಿಮಿಷ ಕೂರುವುದು, ಹೀಗೆ ಮೂರು ಸಲ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೂತ್ರ ಹೋಗಿಸುವ ಮಾತ್ರೆ ತಿನ್ನುವವರು ಆ ಬಿಸಿಲಲ್ಲಿ ಬೆವರಿದರೆ ಬಿಪಿ ಕುಸಿದು ಬೀಳಬಹುದು. ಬೆಳಿಗ್ಗೆ ಆರಕ್ಕೇ ಮುಗಿಸಿಬಿಡಿ ಅನ್ನುತ್ತೇನೆ.

ತೂಕದ ಯಂತ್ರವನ್ನು ಮಾತ್ರ ಹಟ ಮಾಡಿ ಕೊಡಿಸಿದೆ. ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ತೂಕ ನೋಡಿ ಬರೆಯಬೇಕು. ಮುತ್ಯಾ ಶರಣಬಸವೇಶ್ವರ ಜಾತ್ರೆಗೆ ಬಂದು ನೆಂಟರ ಮನೆಯಲ್ಲಿ ಉಳಿದಾಗ ಹಪ್ಪಳ, ಉಪ್ಪಿನಕಾಯಿ, ರೊಟ್ಟಿಗೆ ಶೇಂಗಾ ಹಿಂಡಿ ಚೆನ್ನಾಗಿ ಆಗಿತ್ತು. ಮೂರೇ ದಿನಕ್ಕೆ ಎರಡೂವರೆ ಕೆಜಿ ಏರಿತ್ತು. ಅದು ಕೊಬ್ಬಲ್ಲ, ಉಪ್ಪು ಮೈಯಲ್ಲಿ ಹಿಡಿದಿಟ್ಟ ನೀರು. ಮೂರು ದಿನದಲ್ಲಿ 2 ಕೆಜಿ ಏರಿದರೆ ವ್ಯಾಯಾಮ ಬಿಟ್ಟು ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಸೊಸೆಗೆ ಹೇಳಿಟ್ಟಿದ್ದೆ. ಅವಳು ಅದೇ ದಿನ ಮಾಡಿದಳು. ಮಾತ್ರೆ ಬದಲಾಯಿತು, ಆಸ್ಪತ್ರೆ ಸೇರುವುದು ತಪ್ಪಿತು. ಈ ಕೆಲಸದಲ್ಲಿ ಅಂಥ ಒಬ್ಬ ಸೊಸೆ ನನಗಿಂತ ದೊಡ್ಡವಳು.

ಮೂರು ತಿಂಗಳ ಮೇಲೆ ಮತ್ತೆ ಅದೇ ವರಾಂಡ. ಈ ಸಲ ಎಲ್ಲೂ ನಿಲ್ಲದೆ 285 ಮೀಟರ್. ಸೆಟ್ಟಿಂಗ್, ಮಾತ್ರೆ, ನಡಿಗೆ, ಮೂರೂ ಸೇರಿ ಆಗಿದ್ದು. ಹೇಗಿದ್ದೀರಿ ಮುತ್ಯಾ ಅಂದೆ. "ದಮ್ಮು ಹತ್ತತದ್ರಿ ಮೇಡಂ," ಅಂದರು. ಎಲ್ಲಿ ಅಂತ ಕೇಳಿದೆ. ಹೊಲದ ಬದು ಏರುವಾಗ ಅಂದರು. ಒಂದು ಸಲ ನಿಂತು, ತೊಗರಿ ನೋಡಿ, ಮತ್ತೆ ಏರುತ್ತಾರಂತೆ. ಫೈಲಿನಲ್ಲಿ ಅದನ್ನೇ ಬರೆದುಕೊಂಡೆ.