ಸೂಪರ್‌ಚಾರ್ಜರ್ ಒಬ್ಬನೇ ಇಳಿಸಿ ಒಬ್ಬನೇ ಕೂರಿಸಿದ್ದು: ನನ್ನ ಅನುಭವ

"ಇನ್ನೊಬ್ಬ ಜೊತೆಗಿಲ್ಲದೆ ಅದಕ್ಕೆ ಕೈ ಹಾಕಬೇಡ, ಸೊಂಟ ಹೋಗುತ್ತೆ" ಎಂದವರೆಲ್ಲ ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದವರೇ. ಕೆಲಸ ಮುಗಿದು ಗಾಡಿ ಸಾವಿರಾರು ಕಿಲೋಮೀಟರ್ ಓಡಿದೆ, ನನ್ನ ಸೊಂಟವೂ ಸರಿಯಾಗಿಯೇ ಇದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು ವಿ8, ಅಂದರೆ V ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ಎರಡು ಹೆಡ್‌ಗಳ ನಡುವೆ ಈಟನ್ ಎಂ112 ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಪಂಪು) ಮಲಗಿದೆ. ತೊಂದರೆ ಎರಡು: ಅದರ ಅಡಿಯ ಕೂಲಂಟ್ ಹೋಸ್ ಒಸರುತ್ತಿತ್ತು, ಐಡಲಿಂಗ್‌ನಲ್ಲಿ ಅದರ ಮೂತಿಯಿಂದ (ಪುಲ್ಲಿ ಕೂರುವ ಮುಂಭಾಗ) ಕಟಕಟ ಸದ್ದು ಬರುತ್ತಿತ್ತು. ಸೂಪರ್‌ಚಾರ್ಜರಿಗೆ ಬೇರೆಯದೇ ಬೆಲ್ಟು ಇರುವುದರಿಂದ ಅದನ್ನು ಕಳಚಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದೆ. ಸದ್ದು ನಿಂತಿತು, ಅನುಮಾನ ಉಳಿಯಲಿಲ್ಲ. ಗ್ಯಾರೇಜಿನವರು ಕೊಟ್ಟ ಅಂದಾಜಿನಲ್ಲಿ ಮುಕ್ಕಾಲು ಪಾಲು ಕೂಲಿಯೇ. ಹೋಸು, ಗ್ಯಾಸ್ಕೆಟ್, ಕಪ್ಲರ್ (ಪುಲ್ಲಿಯ ತಿರುಗನ್ನು ಒಳಗಿನ ರೋಟರಿಗೆ ದಾಟಿಸುವ ಜೋಡಣೆ) ಎಲ್ಲ ಸೇರಿ ಉಳಿದ ಕಾಲು ಭಾಗ. ಆ ಮುಕ್ಕಾಲನ್ನು ಉಳಿಸಲೇಬೇಕು ಅಂತ ಹಟ ಹಿಡಿದೆ.

ನಿಜವಾದ ಕಷ್ಟ ಭಾರದ್ದಲ್ಲ. ಇಪ್ಪತ್ತೈದು ಕೆಜಿ ಹತ್ತಿರ ಬರಬಹುದು, ನೆಲದಿಂದ ಯಾರು ಬೇಕಾದರೂ ಎತ್ತುತ್ತಾರೆ. ಫೆಂಡರಿನ ಮೇಲೆ ಬಾಗಿ, ಕೈ ಪೂರ್ತಿ ಚಾಚಿ, ಅಲುಗದಂತೆ ನೇರ ಮೇಲಕ್ಕೆ ಎತ್ತುವುದೇ ಕಷ್ಟ. ಮೊದಲು ಎಂಜಿನ್ ಕ್ರೇನ್ ಬಾಡಿಗೆಗೆ ತಂದೆ. ಆ ದುಡ್ಡು ದಂಡ. ಒಂದೇ ಕೊಕ್ಕೆಯಲ್ಲಿ ತೂಗಿದ ಸರಕು ಗರಗರ ಸುತ್ತುತ್ತದೆ. ಹೈಡ್ರಾಲಿಕ್ ವಾಲ್ವ್ ಎಷ್ಟೇ ಮೆಲ್ಲಗೆ ಬಿಟ್ಟರೂ ಜಗ್ಗನೆ ಇಳಿಯುತ್ತದೆ. ಅದರಲ್ಲಿ ಗ್ಯಾಸ್ಕೆಟ್ ಮೇಲೆ ಕೂರಿಸುವ ಮಾತೇ ಇಲ್ಲ. ಸರಕು ಕಟ್ಟುವ ರಾಟ್ಚೆಟ್ ಬೆಲ್ಟು ಬಿಗಿಯಲು ಚೆನ್ನ, ಸಡಿಲಿಸುವಾಗ ಒಮ್ಮೆಲೇ ಬಿಡುತ್ತದೆ. ಛಾವಣಿಗೆ ಚೈನ್ ಬ್ಲಾಕ್ ಕಟ್ಟಲು ನನ್ನ ಶೆಡ್ಡಿನ ತೊಲೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಕೊನೆಗೆ ಕೈಹಿಡಿದದ್ದು ಎಂಜಿನ್ ಸಪೋರ್ಟ್ ಬಾರ್. ಗೇರ್‌ಬಾಕ್ಸ್ ಇಳಿಸುವಾಗ ಎರಡು ಫೆಂಡರಿಗೂ ಅಡ್ಡಲಾಗಿ ಇಟ್ಟು ಎಂಜಿನ್ ತೂಗುಹಾಕಲು ಬಳಸುತ್ತೇವಲ್ಲ, ಅದೇ. ಒಂದು ಸಾಲದು: ಅದರ ಕೊಕ್ಕೆಗಳು ಅಡ್ಡಕ್ಕೆ ಬರುತ್ತವೆ, ಸೂಪರ್‌ಚಾರ್ಜರ್ ಉದ್ದಕ್ಕೆ ಮಲಗಿರುತ್ತದೆ. ಮೂತಿಯ ಮೇಲೊಂದು, ಹಿಂದೊಂದು ಬೇಕು. ಎರಡನೆಯದನ್ನು ಚೌಕ ಪೈಪು ಮತ್ತು ಎಂ12 ಥ್ರೆಡ್ ರಾಡಿನಿಂದ ನಾನೇ ಮಾಡಿಕೊಂಡೆ. ಖರ್ಚು ಕ್ರೇನಿನ ಬಾಡಿಗೆಗಿಂತ ಕಡಿಮೆ. ಸಾಮಾನ್ಯ ಎಂ12 ರಾಡಿನಲ್ಲಿ ನಟ್ಟು ಒಂದು ಸುತ್ತು ತಿರುಗಿದರೆ 1.75 ಮಿಮೀ. ಅಂದರೆ ಕಾಲು ಸುತ್ತಿಗೆ ಅರ್ಧ ಮಿಲಿಮೀಟರಿಗೂ ಕಡಿಮೆ. ಇಷ್ಟು ನಾಜೂಕಾಗಿ ಇಬ್ಬರ ನಾಲ್ಕು ಕೈ ಸೇರಿದರೂ ಇಳಿಸಲಾಗದು, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬಾರಿನ ಪಾದ ಫೆಂಡರ್ ಬೋಲ್ಟು ಕೂರುವ ಗಟ್ಟಿ ಅಂಚಿನ ಮೇಲೇ ಇರಬೇಕು, ತಗಡಿನ ಮೇಲಲ್ಲ.

ಬೋಲ್ಟೆಲ್ಲ ಬಿಚ್ಚಿದ ಮೇಲೆ, ಸೂಪರ್‌ಚಾರ್ಜರನ್ನು ಕೊಕ್ಕೆಗಳಿಗೆ ಕಟ್ಟಿದ ಪಟ್ಟಿಗಳಿಗೆ ಸ್ವಲ್ಪ ಬಿಗಿ ಕೊಟ್ಟು, ರಬ್ಬರ್ ಸುತ್ತಿಗೆಯಿಂದ ಬದಿಗೆ ತಟ್ಟಿದೆ. ಹಳೇ ಗ್ಯಾಸ್ಕೆಟ್ ಬಿಟ್ಟುಕೊಂಡಿತು. ಮುಖಗಳ ನಡುವೆ ಸ್ಕ್ರೂಡ್ರೈವರ್ ತೂರಿಸುವ ಕೆಲಸ ಅಲ್ಯೂಮಿನಿಯಮ್ಮಿಗೆ ಬೇಡವೇ ಬೇಡ. ಒಂದು ಗೇಣು ಎತ್ತಿ, ಅಡಿಗೆ ಎರಡು ಹಲಗೆ ಉದ್ದಕ್ಕೆ ಇಟ್ಟು, ಹಲಗೆ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಇಳಿಸಿದೆ. ಆಮೇಲೆ ಮುಂದಿನ ಬಾರ್ ತೆಗೆದು, ರೇಡಿಯೇಟರ್ ಕಡೆಗೆ ಜಾರಿಸಿಕೊಂಡು, ಗಾಡಿಯ ಮುಂದೆ ನಿಂತು, ಎದೆಗವಚಿ ಎತ್ತಿದೆ. ಕೈ ಚಾಚುವ ಪ್ರಶ್ನೆಯೇ ಬರಲಿಲ್ಲ.

ಹೊರಗೆ ಬಂದದ್ದನ್ನು ಸುಮ್ಮನೆ ಬಿಡುವುದುಂಟೇ? ಪುಲ್ಲಿಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಒಳಗೆ ಗಾಳಿ ತಳ್ಳುವ ರೋಟರ್ ಅಲುಗುವ ಮೊದಲೇ ಹತ್ತು ಡಿಗ್ರಿಯಷ್ಟು ಖಾಲಿ ಆಟ. ಮೂತಿ ಬಿಚ್ಚಿದೆ. ಒಳಗಿನ ಎಣ್ಣೆ ನೂರು ಎಂಎಲ್ ಕೂಡ ಇರಲಿಲ್ಲ, ಕಪ್ಪಗಾಗಿತ್ತು, ನಾತ ಕೈಯಿಂದ ವಾರವಾದರೂ ಹೋಗಲಿಲ್ಲ. ನೈಲಾನ್ ಕಪ್ಲರಿನ ದುಂಡನೆ ತೂತುಗಳೆಲ್ಲ ಮೊಟ್ಟೆಯಾಕಾರಕ್ಕೆ ತಿರುಗಿದ್ದವು; ಪಿನ್ನುಗಳು ಅದರಲ್ಲೇ ಬಡಿದುಕೊಳ್ಳುತ್ತಿದ್ದದ್ದು. ಲೋಹದ ಕಪ್ಲರನ್ನೂ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದೆ. ಗಟ್ಟಿಯೇನೋ ಹೌದು, ಆದರೆ ಬೆಲ್ಟಿನ ಒದೆತವೆಲ್ಲ ಸೀದಾ ರೋಟರುಗಳ ಗೇರಿಗೆ ಹೋಗುತ್ತದೆ. ಸವೆಯುವುದಾದರೆ ಅಗ್ಗದ ನೈಲಾನೇ ಸವೆಯಲಿ ಅಂತ ಅದನ್ನೇ ಹೊಸದು ಹಾಕಿ ಮುಚ್ಚಿದೆ. ಚಿಕ್ಕ ಪುಲ್ಲಿ ಹಾಕಿ ಇನ್ನಷ್ಟು ಜೋರಾಗಿ ತಿರುಗಿಸುವ ಆಸೆಯೂ ಇತ್ತು, ಆದರೆ ಗಾಳಿ ತಣಿಸುವ ಇಂಟರ್‌ಕೂಲರ್ ಸುಧಾರಿಸದೆ ಬೂಸ್ಟ್ (ಗಾಳಿಯ ಒತ್ತಡ) ಏರಿಸಿದರೆ ಬರಿ ಬಿಸಿಗಾಳಿ ತುಂಬಿದಂತೆ. ಅದು ಮುಂದಿನ ಕೆಲಸ.

ಅಡಿಯ ಹೋಸುಗಳನ್ನು ಒಸರಿದ್ದು, ಒಸರದ್ದು ಅಂತ ನೋಡದೆ ಎಲ್ಲ ಬದಲಿಸಿ. ಹಿಂಬದಿಯ ಕ್ಲಾಂಪಿಗೆ ನಾನೊಂದು ಉಪಕರಣ ಮಾಡಿಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೂರಿಸುವಾಗಿನ ಜೀವಾಳ ಗೈಡ್ ಸ್ಟಡ್. ಉದ್ದನೆ ಬೋಲ್ಟಿನ ತಲೆ ಕತ್ತರಿಸಿ, ತುದಿಗೆ ಗರಗಸದಲ್ಲಿ ಗೀರು ಹಾಕಿ, ಎದುರುಬದುರು ಮೂಲೆಗಳಲ್ಲಿ ಎರಡು ತಿರುಗಿಸಿಟ್ಟೆ. ಗ್ಯಾಸ್ಕೆಟನ್ನು ಅವಕ್ಕೇ ಪೋಣಿಸಿದೆ. ಒಳಗೆ ಏನೂ ಬೀಳದಂತೆ ಎಂಜಿನ್ನಿನ ಪೋರ್ಟುಗಳಿಗೆ (ಗಾಳಿ ಹೋಗುವ ಬಾಯಿಗಳು) ತುರುಕಿದ್ದ ಬಟ್ಟೆಗಳನ್ನು ಲೆಕ್ಕ ಮಾಡಿ ತೆಗೆದು, ಸೂಪರ್‌ಚಾರ್ಜರನ್ನು ಮತ್ತೆ ಎರಡು ಬಾರಿಗೂ ತೂಗಿಸಿ, ಅವುಗಳ ನಾಲ್ಕು ನಟ್ಟನ್ನೂ ಸರದಿಯಂತೆ ಕಾಲು ಕಾಲು ಸುತ್ತು ಬಿಡುತ್ತಾ ಬಂದೆ. ಸ್ಟಡ್ ಹಾದಿ ತೋರಿತು, ಗ್ಯಾಸ್ಕೆಟ್ ಕೂದಲೆಳೆಯಷ್ಟೂ ಸರಿಯಲಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಹಂತದಲ್ಲಿ ಬಿಗಿದೆ. ಟಾರ್ಕ್ ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲೇ ನೋಡಿ.

ಕೂಲಂಟ್ ತುಂಬಿ ಗಾಳಿ ಬಿಡಿಸಿ ಸ್ಟಾರ್ಟ್ ಮಾಡಿದಾಗ ಕಟಕಟ ಇರಲಿಲ್ಲ. ಎರಡು ಮೂರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೋಸ್ ಕ್ಲಾಂಪುಗಳನ್ನು ಮತ್ತೆ ನೋಡಿದೆ, ಎಲ್ಲ ಒಣಗಿದ್ದವು.