ಮಲ್ಲಿಗೆ ಪೆಟ್ಟಿಗೆ ಗೆದ್ದಿತು, ನಾನು ಮೀನಿನ ಕೆಲಸಕ್ಕೆ ಬಂದೆ

2019ರಲ್ಲಿ ಮಂಗಳೂರಿನ ಒಂದು ಸ್ಟಾರ್ಟಪ್ ಪಿಚ್ ಸ್ಪರ್ಧೆಯಲ್ಲಿ, ಅಂದರೆ ಹೊಸ ಉದ್ಯಮದ ಯೋಚನೆಯನ್ನು ವೇದಿಕೆಯಲ್ಲಿ ಹೇಳಿ ಒಪ್ಪಿಸುವ ಸ್ಪರ್ಧೆಯಲ್ಲಿ, ಮಲ್ಲಿಗೆ ಸಾಗಿಸುವ ಪೆಟ್ಟಿಗೆಗೆ ನನಗೂ ಗೆಳೆಯನಿಗೂ ಮೊದಲ ಬಹುಮಾನ ಬಂತು. 2 ಲಕ್ಷ ರೂಪಾಯಿ. ಆಳೆತ್ತರದ ಚೆಕ್ಕು ಹಿಡಿಸಿ ಫೋಟೋ ತೆಗೆದರು. ಅದನ್ನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಟಪಾಡಿಯವರೆಗೆ ತರುವಷ್ಟರಲ್ಲಿ ಕಂಡಕ್ಟರ್ ಹತ್ತಿರ ಎರಡು ಸಲ ಬೈಸಿಕೊಂಡೆವು. ಈಗ ಆ ಚೆಕ್ಕು ಮನೆಯ ಹಿಂದೆ ಸೌದೆ ರಾಶಿಯ ಮೇಲೆ ಮಲಗಿದೆ. ಪ್ಲಾಸ್ಟಿಕ್ ಹಾಳೆಯಲ್ವಾ, ಮಳೆಗೆ ಒಳ್ಳೆಯದು ಅಂತ ಅಮ್ಮ ಹೇಳುತ್ತಾರೆ.

ಆ ಕಂಪನಿ ಈಗ ಇಲ್ಲ. ಆದರೆ ಇವತ್ತು ನಾನು ಮಾಡುವ ಕೆಲಸ ಸಿಕ್ಕಿದ್ದು ಆ ವೇದಿಕೆಯ ಹತ್ತು ನಿಮಿಷದಿಂದಲೇ. ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗರು ಆಗಾಗ ಫೋನ್ ಮಾಡಿ "ಗೆದ್ದರೆ ಎಂತ ಸಿಗ್ತದೆ ಸರ್?" ಅಂತ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ತೋಟದಲ್ಲಿ ಮಲ್ಲಿಗೆ. ಬೆಳಿಗ್ಗೆ ಎದ್ದು ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ಬೇರೆ. ಮದುವೆ, ನೇಮದ (ಭೂತಾರಾಧನೆಯ) ದಿನಗಳಲ್ಲಿ ಏರುತ್ತದೆ, ಬೇಡಿಕೆ ಇಲ್ಲದಾಗ ಬಿದ್ದುಹೋಗುತ್ತದೆ. ಮುಂಬೈಗೆ ಹೋಗುವ ಹೂವು ದಾರಿಯಲ್ಲೇ ಅರಳಿ ಕಂದಿದರೆ ಅವತ್ತಿನ ದುಡಿಮೆ ಹೋಯಿತು. ಹೂವನ್ನು ಒತ್ತಿ ತುಂಬಿದರೆ ಒಳಗೇ ಬಿಸಿ ಏರುತ್ತದೆ. ಇದನ್ನು ನೋಡುತ್ತಲೇ ಬೆಳೆದವನು ನಾನು. ಕಾಲೇಜಿನ ಗೆಳೆಯನನ್ನು ಸೇರಿಸಿಕೊಂಡು, ತಂಪು ಪ್ಯಾಕ್ ಇಡುವ ದಪ್ಪ ಗೋಡೆಯ ಪೆಟ್ಟಿಗೆ ಮಾಡಿದೆ. ಒಂದು ಪೆಟ್ಟಿಗೆಗೆ 1,800 ರೂಪಾಯಿ ಖರ್ಚು ಬಿತ್ತು.

"ಯಾರು ಕೊಡ್ತಾರೆ ಅಷ್ಟು?" ಅಂದರು ಅಮ್ಮ. "ಪಿಗ್ಮಿ ತರ ದಿನಕ್ಕೆ ಹತ್ತು ರೂಪಾಯಿ ತಗೋ."

ನಮ್ಮ ಕಡೆ ಪಿಗ್ಮಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತ್ತು. ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಉಳಿತಾಯ ಕಟ್ಟಿಸಿಕೊಳ್ಳುವುದು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಹೂವಿನವರ ತಲೆಯಲ್ಲಿ ಲೆಕ್ಕ ಇನ್ನೂ ದಿನಕ್ಕೆ ಇಷ್ಟು ಅಂತಲೇ ಓಡುತ್ತದೆ. ನಮ್ಮ ಇಡೀ ಪಿಚ್‌ನಲ್ಲಿ ಗಟ್ಟಿಯಾಗಿದ್ದದ್ದು ಅಮ್ಮನ ಈ ಮಾತೊಂದೇ. ಉಳಿದ ಸ್ಲೈಡುಗಳಲ್ಲಿ ಇಡೀ ದೇಶದ ಹೂವಿನ ಮಾರುಕಟ್ಟೆ ಎಷ್ಟು ದೊಡ್ಡದು ಅಂತೆಲ್ಲ ಹಾಕಿದ್ದೆವು. ಅದನ್ನು ಯಾರೂ ನೋಡಲಿಲ್ಲ ಅಂತ ಕಾಣುತ್ತದೆ.

ಮಾತಿಗೆ ಐದು ನಿಮಿಷ, ಪ್ರಶ್ನೆಗೆ ಐದು ನಿಮಿಷ. ತೀರ್ಪುಗಾರರಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಕನ್ನಡಕ ಕೆಳಗಿಳಿಸಿ ಒಂದೇ ಪ್ರಶ್ನೆ ಕೇಳಿದರು: "ಆಟಿಯಲ್ಲಿ ನಿಮ್ಮ ಪೆಟ್ಟಿಗೆ ಎಂತ ಮಾಡ್ತದೆ?"

ಸಭೆಯಲ್ಲಿ ನಗು. ಆಟಿ ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು. ಆಗ ಮಳೆ, ಮದುವೆ ಇಲ್ಲ, ಭೂತಕೋಲ ಇಲ್ಲ. ಗೆಳೆಯ ಮೈಕ್ ಹಿಡಿದು "ಬೇರೆ ಹೂವಿಗೂ ಉಪಯೋಗಿಸಬಹುದು" ಅನ್ನಲಿಕ್ಕೆ ಹೊರಟಿದ್ದ. ನಾನು ಮೈಕ್ ತೆಗೆದುಕೊಂಡೆ. "ಸುಮ್ನೆ ಬಿದ್ದಿರ್ತದೆ ಸರ್. ಅದಕ್ಕೇ ವರ್ಷಕ್ಕೆ ಒಂಬತ್ತು ತಿಂಗಳು, ತಿಂಗಳಿಗೆ 25 ದಿನ ಅಂತ ಮಾತ್ರ ಲೆಕ್ಕ ಹಾಕಿದ್ದೇವೆ. ದಿನಕ್ಕೆ ಹತ್ತರ ಹಾಗೆ 2,250 ರೂಪಾಯಿ ಬರ್ತದೆ. ಪೆಟ್ಟಿಗೆಯ 1,800 ಹೋದರೆ 450 ಉಳೀತದೆ. ಅದು ತಂಪು ಪ್ಯಾಕ್ ಬದಲಾಯಿಸಲಿಕ್ಕೆ. ಮೊದಲ ವರ್ಷ ಲಾಭ ಇಲ್ಲ."

ಗೆದ್ದದ್ದು ಈ ಉತ್ತರದಿಂದ ಅಂತ ಆಮೇಲೆ ಆ ತೀರ್ಪುಗಾರರೇ ಹೇಳಿದರು. ಅವತ್ತು ನನಗೆ ಅದು ಗೊತ್ತಿರಲಿಲ್ಲ. ಗೆಳೆಯನೂ ನಾನೂ ಗಡ್‌ಬಡ್ ಐಸ್‌ಕ್ರೀಮ್ ತಿಂದು, ನಮ್ಮ ಸ್ಲೈಡುಗಳ ಬಣ್ಣ ಎಷ್ಟು ಚೆನ್ನಾಗಿ ಬಂದಿತ್ತು ಅಂತ ಮಾತಾಡಿಕೊಂಡೆವು.

ಹಣದ ಕಥೆ ಬೇಗ ಮುಗಿಸುತ್ತೇನೆ. ಕಂಪನಿ ನೋಂದಣಿ ಆಗಿರಲಿಲ್ಲ, ಬಹುಮಾನ ನನ್ನ ಹೆಸರಿಗೆ. ಶೇ. 30 ಟಿಡಿಎಸ್ (ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದು 1,40,000 ಕೊಟ್ಟರು, ಅದೂ ನಾಲ್ಕು ತಿಂಗಳಾದ ಮೇಲೆ. ನಾವು ಗೆದ್ದ ಮರುವಾರವೇ 2 ಲಕ್ಷ ಬಂತು ಅಂತ ಲೆಕ್ಕ ಹಿಡಿದು 40 ಪೆಟ್ಟಿಗೆಗೆ ಹೇಳಿ ಆಗಿತ್ತು. ಹಣ ಬರುವವರೆಗೆ ಅಮ್ಮನ ಬಳೆ ಸೊಸೈಟಿಗೆ ಅಡವಿಗೆ ಹೋಯಿತು. ಸ್ಪರ್ಧೆಗೆ ಹೋಗುವವರು ಹಣ ಯಾರ ಹೆಸರಿಗೆ, ಯಾವಾಗ, ಎಷ್ಟು ಕಡಿತ ಮಾಡಿ ಬರುತ್ತದೆ ಅಂತ ಮೊದಲೇ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದೊಡ್ಡ ತಪ್ಪು ನಡೆದದ್ದು ಇದರ ನಂತರ. ಗೆಲ್ಲುವುದಕ್ಕೆ ಒಂದು ರುಚಿ ಇದೆ. ಪತ್ರಿಕೆಯಲ್ಲಿ ಫೋಟೋ ಬಂತು. ಕಾಲೇಜುಗಳು ಕರೆದವು. ಮಣಿಪಾಲ, ಹುಬ್ಬಳ್ಳಿ, ಬೆಂಗಳೂರು ಅಂತ ಎಂಟು ತಿಂಗಳಲ್ಲಿ ಇನ್ನೂ ಐದು ಸ್ಪರ್ಧೆಗೆ ಹೋದೆ. ಒಂದರಲ್ಲಿ ಎರಡನೇ ಸ್ಥಾನ, ನಾಲ್ಕರಲ್ಲಿ ಟೀ ಶರ್ಟು. ಪ್ರತಿ ಸಲ ಡೆಕ್ (ಸ್ಲೈಡುಗಳ ಕಟ್ಟು) ತಿದ್ದಲಿಕ್ಕೆ ಒಂದು ವಾರ. ಆ ಹೊತ್ತಿಗೆ ಬಂಟಕಲ್ಲಿನ ಒಬ್ಬರು ಅಕ್ಕ ಫೋನ್ ಮಾಡಿ "ಮೊಗ್ಗು ಬೆವರ್ತದೆ, ಒಮ್ಮೆ ಬಂದು ನೋಡಿ" ಅಂದಿದ್ದರು. ಪೆಟ್ಟಿಗೆಯ ಒಳಗೆ ತಂಪಿಗೆ ನೀರು ಕಟ್ಟಿ ಮೊಗ್ಗಿನ ಮೇಲೆ ಬಿದ್ದು ಕಪ್ಪಾಗುತ್ತಿತ್ತು. ಬೆಂಗಳೂರಿನಿಂದ ಬಂದು ನೋಡುತ್ತೇನೆ ಅಂದೆ. ನೋಡಿದ್ದು ಆರು ವಾರ ಬಿಟ್ಟು.

ಹೋಗುವಾಗ 40ರಲ್ಲಿ 17 ಪೆಟ್ಟಿಗೆ ವಾಪಸ್ ಬಂದಾಗಿತ್ತು. ಅಕ್ಕ ಮಾತ್ರ ಬಿಟ್ಟಿರಲಿಲ್ಲ. ಮುಚ್ಚಳದ ಕೆಳಗೆ ಹಳೆಯ ಹತ್ತಿ ಸೀರೆಯ ತುಂಡು ಮಡಚಿ, ಅದರ ಕೆಳಗೆ ಬಾಳೆ ಎಲೆ ಹಾಸಿ ನೋಡಿದ್ದರು. ಬಟ್ಟೆ ನೀರು ಹೀರುತ್ತಿತ್ತು, ಎಲೆ ಮೊಗ್ಗನ್ನು ಕಾಯುತ್ತಿತ್ತು. ಅಷ್ಟೇ. ನನ್ನ ಡೆಕ್‌ನಲ್ಲಿ 'ತೇವಾಂಶ ನಿಯಂತ್ರಣ' ಅಂತ ಒಂದು ಸ್ಲೈಡ್ ಇತ್ತು, ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ.

ಅದನ್ನು ಸರಿ ಮಾಡಿ ಎರಡು ತಿಂಗಳು ಚೆನ್ನಾಗಿ ಓಡಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಮದುವೆ ಇಲ್ಲ, ದೇವಸ್ಥಾನ ಇಲ್ಲ, ಮುಂಬೈಗೆ ಗಾಡಿ ಇಲ್ಲ. ಗೆಳೆಯ ಬೆಂಗಳೂರಿನ ಕೆಲಸ ಹಿಡಿದ. ನಾನು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದೆ.

ಆ ವರ್ಷ ನವೆಂಬರ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್. "ಆಟಿಯಲ್ಲಿ ಪೆಟ್ಟಿಗೆ ಸುಮ್ನೆ ಬಿದ್ದಿರ್ತದೆ ಅಂತ ಹೇಳಿದ್ದು ನೀವೇ ಅಲ್ವಾ?" ಮಲ್ಪೆಯಲ್ಲಿ ಮೀನಿನ ವ್ಯಾಪಾರ ಮಾಡುವವರು. ಸ್ಪರ್ಧೆಯ ದಿನ ಎರಡನೇ ಸಾಲಿನಲ್ಲಿ ಕೂತಿದ್ದರಂತೆ. ಅವರ ಕಷ್ಟವೂ ಅದೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆದರೆ ಅವರ ಬಳಿ ಬಂದ ಪೆಟ್ಟಿಗೆ ಕಂಪನಿಗಳೆಲ್ಲ ಹನ್ನೆರಡು ತಿಂಗಳ ಲೆಕ್ಕ ತೋರಿಸಿದ್ದವು. "ಸುಳ್ಳು ಲೆಕ್ಕ ಹೇಳದ ಒಬ್ಬ ಹುಡುಗ ಬೇಕಿತ್ತು ಮಾರಾಯ" ಅಂದರು.

ಸಂದರ್ಶನ ಅಂತ ನಡೆಯಲಿಲ್ಲ. ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ನಿಲ್ಲಿಸಿ, ಒಂದು ಲಾರಿ ಬಂಗುಡೆಗೆ ಐಸ್ ಎಷ್ಟು ಬೇಕು ಬರೆದು ಕೊಡು ಅಂದರು. ನಮ್ಮ ಸೆಕೆಗೆ ಮೀನು ಎಷ್ಟೋ ಐಸೂ ಅಷ್ಟೇ ಅನ್ನುವುದು ರೂಢಿ. ನಾನು ಅದನ್ನೇ ಬರೆದು, ಕರಗಿದ ನೀರು ಎಲ್ಲಿ ಇಳಿದು ಹೋಗುತ್ತದೆ ಅಂತ ತಿರುಗಿ ಕೇಳಿದೆ. ಬಂಟಕಲ್ಲಿನ ಅಕ್ಕನಿಂದ ಕಲಿತದ್ದು. ಡಿಸೆಂಬರ್‌ನಿಂದ ಕೆಲಸಕ್ಕೆ ಸೇರಿದೆ. ಈಗ ಅಲ್ಲಿನ ಶೀತಲ ಸಾಗಾಟ ಪೂರ್ತಿ ನನ್ನ ಜವಾಬ್ದಾರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗುವುದು ಮಾತ್ರ ಇನ್ನೂ ಅಭ್ಯಾಸ ಆಗಿಲ್ಲ. ಮನೆಗೆ ಬಂದರೆ ಅಮ್ಮ ಮಲ್ಲಿಗೆಯ ಹತ್ತಿರ ಬಿಡುವುದಿಲ್ಲ, ಮೊದಲು ಸ್ನಾನ.

ಕಳೆದ ವರ್ಷ ಅದೇ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ಕಾರ್ಕಳದ ಕಡೆಯ ಒಬ್ಬಳು ಹುಡುಗಿ ಬಂದಳು. ಗತ್ತಿನಿಂದ ಕನ್ನಡಕ ಕೆಳಗಿಳಿಸಿ ನಾನೂ ಕೇಳಿದೆ, ಆಟಿಯಲ್ಲಿ ನಿಮ್ಮ ಪೆಟ್ಟಿಗೆ ಎಂತ ಮಾಡ್ತದೆ ಅಂತ. "ಸರ್, ಇದು ಬಟ್ಟೆ ಒಣಗಿಸುವ ಪೆಟ್ಟಿಗೆ. ಆಟಿಯಲ್ಲೇ ಓಡುವುದು" ಅಂದಳು. ಇಡೀ ಸಭೆ ನಕ್ಕಿತು. ಮನೆಗೆ ಒಂದು ಬೇಕು ಅಂತ ಅಲ್ಲೇ ಮುಂಗಡ ಕೊಟ್ಟು ಬಂದೆ. ಪೆಟ್ಟಿಗೆ ಇನ್ನೂ ಬಂದಿಲ್ಲ.